ಮಾರ್ಕ್ಸ್ ಕಾರ್ಡ್ ಅಷ್ಟೇನೂ ಚೆನ್ನಾಗಿಲ್ಲ, ಅರ್ಥಶಾಸ್ತ್ರದ ಪಿಎಚ್‌ಡಿಗೆ ಅರ್ಜಿ ಹಾಕಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುವ ಆಸೆ ಇದೆ, ಆದರೆ ಮಾರ್ಕ್ಸ್ ಕಾರ್ಡ್ ತೆಗೆದು ನೋಡಿದರೆ ಧೈರ್ಯ ಸಾಲುವುದಿಲ್ಲ. ಎಲ್ಲೋ ಒಂದು ಫೇಲ್, ಒಂದೆರಡು ಕಡಿಮೆ ಗ್ರೇಡ್, ಮಧ್ಯೆ ಖಾಲಿ ಉಳಿದ ಒಂದು ವರ್ಷ. ಇಂಥ ಸ್ಥಿತಿಯಲ್ಲಿರುವವರ ಅರ್ಜಿಗಳನ್ನು ಓದಿ ಸಲಹೆ ಕೊಡುತ್ತಾ ಬಂದಿದ್ದೇನೆ. ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಮುಖ್ಯವಾಗಿ ಅಮೆರಿಕ, ಕೆನಡಾ, ಯುರೋಪಿನ ವಿಶ್ವವಿದ್ಯಾಲಯಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಉತ್ತರ ಬರೆದಿದ್ದೇನೆ.

ಒಂದು ಸೆಮಿಸ್ಟರ್ ಹಾಳಾಗಿದೆ. ಅರ್ಜಿ ಹಾಕುವುದೇ ದಂಡವಾ?

ಖಂಡಿತ ಅಲ್ಲ. ಒಂದು ಸೆಮಿಸ್ಟರ್ ಕೆಟ್ಟು, ಆಮೇಲಿನ ಸೆಮಿಸ್ಟರ್‌ಗಳು ಚೆನ್ನಾಗಿದ್ದರೆ, ಯಾರಿಗೆ ಪ್ರವೇಶ ಕೊಡಬೇಕು ಅಂತ ತೀರ್ಮಾನಿಸುವ ವಿಭಾಗದ ಕಮಿಟಿಯವರು ಅದನ್ನು ಬೇಗ ದಾಟಿ ಹೋಗುತ್ತಾರೆ. ತೊಂದರೆ ಆಗುವುದು ಎರಡು ಸಂದರ್ಭದಲ್ಲಿ. ಒಂದು, ಕೆಟ್ಟ ಗ್ರೇಡ್ ಗಣಿತದ್ದಾಗಿದ್ದು, ಆಮೇಲೆ ನೀವು ಗಣಿತದ ಕಡೆ ತಲೆಯೇ ಹಾಕದೆ ಇದ್ದಾಗ. ಇನ್ನೊಂದು, ಗ್ರೇಡುಗಳು ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಹೋಗಿದ್ದಾಗ.

ಕಮಿಟಿ ಮಾರ್ಕ್ಸ್ ಕಾರ್ಡಿನಲ್ಲಿ ನಿಜವಾಗಿ ಏನನ್ನು ಹುಡುಕುತ್ತದೆ?

ಒಟ್ಟು ಸರಾಸರಿಗಿಂತ ಜಾಸ್ತಿ ಅವರಿಗೆ ಬೇಕಿರುವುದು ಒಂದು ಪ್ರಶ್ನೆಗೆ ಉತ್ತರ: ಈ ವ್ಯಕ್ತಿ ಮೊದಲ ವರ್ಷವನ್ನು ದಾಟಬಲ್ಲರಾ? ಅರ್ಥಶಾಸ್ತ್ರದ ಪಿಎಚ್‌ಡಿಯಲ್ಲಿ ಮೊದಲ ವರ್ಷ ಅಂದರೆ ಮೈಕ್ರೋ (ವ್ಯಕ್ತಿ, ಕಂಪನಿಗಳ ಮಟ್ಟದ ಅರ್ಥಶಾಸ್ತ್ರ), ಮ್ಯಾಕ್ರೋ (ಇಡೀ ದೇಶದ ಮಟ್ಟದ್ದು), ಇಕನಾಮೆಟ್ರಿಕ್ಸ್ (ಆರ್ಥಿಕ ಡೇಟಾಗೆ ಸ್ಟ್ಯಾಟಿಸ್ಟಿಕ್ಸ್ ಅನ್ವಯಿಸುವುದು). ಮೂರೂ ಗಣಿತದ ಭಾಷೆಯಲ್ಲೇ ನಡೆಯುತ್ತವೆ. ಅಮೆರಿಕದ ಬಹಳಷ್ಟು ವಿಭಾಗಗಳಲ್ಲಿ ವರ್ಷದ ಕೊನೆಗೆ ದೊಡ್ಡ ಪರೀಕ್ಷೆ ಇರುತ್ತದೆ. ಪಾಸಾಗದಿದ್ದರೆ ಮತ್ತೊಂದು ಅವಕಾಶ ಕೊಡುತ್ತಾರೆ, ಅದೂ ಕೈಕೊಟ್ಟರೆ ಸ್ನಾತಕೋತ್ತರ ಪದವಿ ಕೊಟ್ಟು ಕಳಿಸುವುದುಂಟು. ಐದಾರು ವರ್ಷ ಫೀಸ್ ಮನ್ನಾ ಮಾಡಿ, ಸ್ಟೈಪೆಂಡ್ ಕೊಟ್ಟು ಓದಿಸುವ ವಿಭಾಗಕ್ಕೆ ಮೊದಲ ವರ್ಷವೇ ಒಬ್ಬರನ್ನು ಕಳೆದುಕೊಳ್ಳುವುದು ದೊಡ್ಡ ನಷ್ಟ. ಅದಕ್ಕೇ ಅವರ ಕಣ್ಣು ನೇರವಾಗಿ ಗಣಿತದ ಸಾಲಿಗೆ ಹೋಗುತ್ತದೆ.

ಎರಡು ಮಾರ್ಕ್ಸ್ ಕಾರ್ಡ್ ಅಕ್ಕಪಕ್ಕ ಇಟ್ಟು ನೋಡೋಣ. ಮೊದಲನೆಯದರಲ್ಲಿ ಮೊದಲ ವರ್ಷದ ಕ್ಯಾಲ್ಕುಲಸ್‌ಗೆ ಸಿ. ಎರಡನೇ ವರ್ಷ ಲೀನಿಯರ್ ಆಲ್ಜೀಬ್ರಾಗೆ ಬಿ ಪ್ಲಸ್. ಮೂರನೇ ವರ್ಷ ಪ್ರಾಬಬಿಲಿಟಿಗೆ ಎ, ಕೊನೆಯ ವರ್ಷ ರಿಯಲ್ ಅನಾಲಿಸಿಸ್‌ಗೆ (ಹೇಳಿಕೆಗಳನ್ನು ಪ್ರೂಫ್ ಬರೆದು ಸಾಧಿಸುವ ಗಣಿತ) ಎ ಮೈನಸ್. ಎರಡನೆಯದರಲ್ಲಿ ಅರ್ಥಶಾಸ್ತ್ರದ ಎಲ್ಲ ವಿಷಯಕ್ಕೂ ಎ. ಕ್ಯಾಲ್ಕುಲಸ್‌ಗೆ ಬಿ, ಅಲ್ಲಿಗೆ ಗಣಿತ ಮುಗಿಯಿತು. ಸರಾಸರಿ ಲೆಕ್ಕ ಹಾಕಿದರೆ ಎರಡನೆಯವರೇ ಮುಂದೆ. ಕಮಿಟಿಯಲ್ಲಿ ಕೂತು ಓದಿದರೆ ಮೊದಲನೆಯವರ ಅರ್ಜಿ ಮೇಲೆ ಬರುತ್ತದೆ. ಅವರ ಸಿ ಗ್ರೇಡಿಗೆ ಅವರದೇ ರಿಯಲ್ ಅನಾಲಿಸಿಸ್ ಗ್ರೇಡ್ ಉತ್ತರ ಕೊಟ್ಟಿದೆ. ಎರಡನೆಯವರು ಪ್ರೂಫ್ ಬರೆಯಬಲ್ಲರಾ ಇಲ್ಲವಾ ಅಂತ ಆ ಕಾರ್ಡ್ ನೋಡಿ ಹೇಳೋಕಾಗಲ್ಲ.

ಹಾಗಾಗಿ ನಿಮ್ಮ ಕಾರ್ಡ್ ತೆಗೆದುಕೊಂಡು ಮೂರು ಬಣ್ಣದಲ್ಲಿ ಗುರುತು ಹಾಕಿ. ಗಣಿತ ಮತ್ತು ಸ್ಟ್ಯಾಟಿಸ್ಟಿಕ್ಸ್ ಒಂದು ಬಣ್ಣ, ಅರ್ಥಶಾಸ್ತ್ರ ಇನ್ನೊಂದು, ಉಳಿದದ್ದೆಲ್ಲ ಮತ್ತೊಂದು. ಮೂರನೇ ಬಣ್ಣದಲ್ಲಿ ಏನೇ ಕೆಟ್ಟಿದ್ದರೂ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ.

ನನಗೆ ಪೆಟ್ಟು ಬಿದ್ದಿರುವುದು ಗಣಿತದಲ್ಲೇ. ಏನು ಮಾಡಲಿ?

ಕೆಟ್ಟ ಗ್ರೇಡಿಗೆ ಉತ್ತರ ಕೊಡುವುದು ಹೊಸ ಗ್ರೇಡು, ವಿವರಣೆಯಲ್ಲ. ಈ ಬರಹದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಅನಾರೋಗ್ಯ ಇತ್ತು, ಮನೆಯಲ್ಲಿ ಕಷ್ಟ ಇತ್ತು, ಕೆಲಸ ಮಾಡುತ್ತಾ ಓದಿದೆ. ಎಲ್ಲವೂ ನಿಜ ಇರಬಹುದು, ಕಮಿಟಿಯವರು ನಂಬಲೂಬಹುದು. ಆದರೆ ಗಣಿತ ಬರುತ್ತದಾ ಅನ್ನುವ ಪ್ರಶ್ನೆ ಆಗಲೂ ಹಾಗೇ ಉಳಿಯುತ್ತದೆ.

ಯಾವ ಕೋರ್ಸುಗಳು ಬೇಕು? ಮಲ್ಟಿವೇರಿಯಬಲ್ ಕ್ಯಾಲ್ಕುಲಸ್, ಲೀನಿಯರ್ ಆಲ್ಜೀಬ್ರಾ, ಪ್ರಾಬಬಿಲಿಟಿ, ಮ್ಯಾಥಮ್ಯಾಟಿಕಲ್ ಸ್ಟ್ಯಾಟಿಸ್ಟಿಕ್ಸ್, ರಿಯಲ್ ಅನಾಲಿಸಿಸ್. ಕೊನೆಯದಕ್ಕೆ ಒಂದು ವಿಶೇಷ ಬೆಲೆ ಇದೆ. ಅದರಲ್ಲಿ ಸೂತ್ರ ಹಾಕಿ ಉತ್ತರ ತೆಗೆಯುವ ಲೆಕ್ಕ ಕಡಿಮೆ. ಒಂದು ಹೇಳಿಕೆ ಯಾಕೆ ನಿಜ ಅಂತ ಹೆಜ್ಜೆ ಹೆಜ್ಜೆಯಾಗಿ ಸಾಧಿಸಬೇಕು. ಸೀಕ್ವೆನ್ಸ್ ಒಂದು ಮಿತಿಯ ಕಡೆ ಹೋಗುತ್ತದೆ ಅಂದರೇನು, ಕಾಂಪ್ಯಾಕ್ಟ್ ಸೆಟ್ ಮೇಲೆ ಕಂಟಿನ್ಯುಯಸ್ ಫಂಕ್ಷನ್‌ಗೆ ಗರಿಷ್ಠ ಬೆಲೆ ಯಾಕೆ ಇದ್ದೇ ಇರುತ್ತದೆ, ಇಂಥವು. ಮೊದಲ ವರ್ಷದ ಮೈಕ್ರೋ ಕ್ಲಾಸಿನಲ್ಲಿ ಗ್ರಾಹಕನ ಆಯ್ಕೆಗೆ ಪರಿಹಾರ ಇದ್ದೇ ಇದೆ ಅಂತ ತೋರಿಸುವಾಗ ಇದೇ ಮಾತು ಮತ್ತೆ ಬರುತ್ತದೆ.

ಪದವಿ ಮುಗಿದುಹೋಗಿದ್ದರೂ ದಾರಿ ಇದೆ. ಹಲವು ವಿಶ್ವವಿದ್ಯಾಲಯಗಳು ಪದವಿಗೆ ಸೇರದವರಿಗೂ ಬಿಡಿ ಬಿಡಿಯಾಗಿ ಕೋರ್ಸ್ ತೆಗೆದುಕೊಳ್ಳಲು ಬಿಡುತ್ತವೆ. ಸಂಜೆ ಕ್ಲಾಸ್, ಬೇಸಿಗೆ ಕ್ಲಾಸ್, ಆನ್‌ಲೈನ್ ಕ್ಲಾಸ್, ಯಾವುದಾದರೂ ಸರಿ. ಎರಡು ವಿಷಯ ಖಾತ್ರಿ ಮಾಡಿಕೊಳ್ಳಿ: ಕ್ರೆಡಿಟ್ ಇರಬೇಕು, ಗ್ರೇಡ್ ಬರಬೇಕು. ಸುಮ್ನೆ ವಿಡಿಯೋ ನೋಡಿ ಪಡೆದ ಸರ್ಟಿಫಿಕೇಟ್ ನಿಮ್ಮ ತಯಾರಿಗೆ ಒಳ್ಳೆಯದೇ, ಆದರೆ ಕಮಿಟಿ ಎದುರು ಅದು ಗ್ರೇಡಿನ ಜಾಗದಲ್ಲಿ ನಿಲ್ಲುವುದಿಲ್ಲ.

ಫೇಲಾದ ಕೋರ್ಸನ್ನೇ ಮತ್ತೆ ಮಾಡಬೇಕಾ, ಅದರ ಮುಂದಿನದನ್ನು ಮಾಡಬೇಕಾ?

ಫೇಲ್ ಆಗಿದ್ದರೆ, ಇಲ್ಲವೇ ವಿಷಯ ನಿಜಕ್ಕೂ ತಲೆಗೆ ಹತ್ತದೇ ಇದ್ದರೆ, ಅದನ್ನೇ ಮತ್ತೆ ಮಾಡಿ. ಬಿ ಮೈನಸ್, ಸಿ ಪ್ಲಸ್ ಥರದ ಗ್ರೇಡಾಗಿದ್ದು ಈಗ ವಿಷಯ ಬರುತ್ತದೆ ಅನ್ನುವ ನಂಬಿಕೆ ಇದ್ದರೆ ಮುಂದಿನ ಕಷ್ಟದ ಕೋರ್ಸಿಗೆ ಹೋಗಿ. ಕಷ್ಟದ ಕೋರ್ಸಿನ ಎ ಗ್ರೇಡ್ ಹಳೆಯ ಸಿ ಗ್ರೇಡನ್ನು ತಾನಾಗಿ ಮರೆಸುತ್ತದೆ.

ಜಿಆರ್‌ಇ ಸ್ಕೋರ್ ಕಡಿಮೆ ಗ್ರೇಡನ್ನು ಸರಿದೂಗಿಸುತ್ತದಾ?

ಸ್ವಲ್ಪ ಮಟ್ಟಿಗೆ ಮಾತ್ರ. ಜಿಆರ್‌ಇ ಅಂದರೆ ವಿದೇಶದಲ್ಲಿ ಮಾಸ್ಟರ್ಸ್, ಪಿಎಚ್‌ಡಿ ಪ್ರವೇಶಕ್ಕೆ ಬರೆಯುವ ಪರೀಕ್ಷೆ. ಅದರ ಕ್ವಾಂಟಿಟೇಟಿವ್ (ಗಣಿತದ) ಭಾಗಕ್ಕೆ 130ರಿಂದ 170ರವರೆಗೆ ಅಂಕ. ಅರ್ಥಶಾಸ್ತ್ರಕ್ಕೆ ಅರ್ಜಿ ಹಾಕುವವರಲ್ಲಿ 165ರ ಮೇಲೆ ತೆಗೆಯುವವರು ಧಾರಾಳವಾಗಿ ಸಿಗುತ್ತಾರೆ. ಆದ್ದರಿಂದ 168 ಬಂತು ಅಂತ ಬಾಗಿಲು ತೆರೆಯುವುದಿಲ್ಲ. ಆದರೆ 158 ಬಂದರೆ, ಈಗಾಗಲೇ ಗಣಿತದ ಗ್ರೇಡ್ ಕಡಿಮೆ ಇರುವವರಿಗೆ ಅದು ಎರಡನೇ ಪೆಟ್ಟು. ವರ್ಬಲ್ (ಇಂಗ್ಲಿಷ್) ಭಾಗದ ಬಗ್ಗೆ ಅಷ್ಟು ಚಿಂತೆ ಬೇಡ.

2023ರ ಸೆಪ್ಟೆಂಬರ್‌ನಿಂದ ಪರೀಕ್ಷೆ ಚಿಕ್ಕದಾಗಿದೆ, ಎರಡು ಗಂಟೆಯೊಳಗೆ ಮುಗಿಯುತ್ತದೆ. ಕ್ವಾಂಟಿಟೇಟಿವ್‌ನಲ್ಲಿ ಒಟ್ಟು 27 ಪ್ರಶ್ನೆ. ಪ್ರಶ್ನೆ ಕಡಿಮೆ ಆದಷ್ಟೂ ಒಂದೊಂದು ತಪ್ಪಿನ ಭಾರ ಜಾಸ್ತಿ. 21 ದಿನ ಬಿಟ್ಟು ಮತ್ತೆ ಬರೆಯಬಹುದು, 12 ತಿಂಗಳಲ್ಲಿ 5 ಸಲದವರೆಗೆ. ಯಾವ ದಿನದ ಸ್ಕೋರ್ ಕಳಿಸಬೇಕು ಅಂತ ನೀವೇ ಆರಿಸಬಹುದು. ಸ್ಕೋರ್ 5 ವರ್ಷ ಚಾಲ್ತಿಯಲ್ಲಿರುತ್ತದೆ. ಕೆಲವು ವಿಭಾಗಗಳು ಜಿಆರ್‌ಇ ಕೊಟ್ಟರೂ ಸರಿ, ಬಿಟ್ಟರೂ ಸರಿ ಅನ್ನುತ್ತವೆ. ನಿಮ್ಮ ಗ್ರೇಡ್ ಕಡಿಮೆ ಇದ್ದು ಸ್ಕೋರ್ ಚೆನ್ನಾಗಿದ್ದರೆ ಅಂಥ ಕಡೆಯೂ ತಪ್ಪದೆ ಕಳಿಸಿ.

ಕೆಟ್ಟ ಗ್ರೇಡಿನ ಬಗ್ಗೆ ಎಸ್‌ಒಪಿಯಲ್ಲಿ (ಯಾಕೆ ಪಿಎಚ್‌ಡಿ ಮಾಡಬೇಕು ಅಂತ ಅರ್ಜಿಯ ಜೊತೆ ಬರೆಯುವ ಸ್ಟೇಟ್‌ಮೆಂಟ್ ಆಫ್ ಪರ್ಪಸ್) ಬರೆಯಲೇಬೇಕಾ?

ಎರಡು ಮೂರು ವಾಕ್ಯ ಸಾಕು. ಅರ್ಜಿಯಲ್ಲಿ ಹೆಚ್ಚುವರಿ ಮಾಹಿತಿ ಅಂತ ಬೇರೆ ಜಾಗ ಇದ್ದರೆ ಅಲ್ಲೇ ಬರೆಯಿರಿ. ಎಸ್‌ಒಪಿಯನ್ನು ಸಂಶೋಧನೆಗೆ ಮೀಸಲಿಡಿ.

ನಾನು ಎಷ್ಟೋ ಕಡೆ ನೋಡುವ ಬರವಣಿಗೆ ಈ ಥರ ಇರುತ್ತದೆ: “ಎರಡನೇ ವರ್ಷದಲ್ಲಿ ನನ್ನ ಬದುಕಿನಲ್ಲಿ ಅನೇಕ ಸವಾಲುಗಳು ಎದುರಾದವು. ಅವು ನನ್ನನ್ನು ಗಟ್ಟಿಗೊಳಿಸಿದವು. ನನ್ನ ಅಂಕಗಳು ನನ್ನ ನಿಜವಾದ ಸಾಮರ್ಥ್ಯವನ್ನು ತೋರಿಸುವುದಿಲ್ಲ.” ಇದರಲ್ಲಿ ಓದುವವರ ಕೈಗೆ ಏನೂ ಸಿಗುವುದಿಲ್ಲ. ಅದನ್ನೇ ಹೀಗೆ ಬರೆದು ನೋಡಿ: “ಎರಡನೇ ವರ್ಷ ಶಸ್ತ್ರಚಿಕಿತ್ಸೆಯಿಂದಾಗಿ ಏಳು ವಾರ ಕ್ಲಾಸ್ ತಪ್ಪಿತು, ಲೀನಿಯರ್ ಆಲ್ಜೀಬ್ರಾದಲ್ಲಿ ಸಿ ಬಂತು. ಮುಂದಿನ ವರ್ಷ ಅದರ ಮುಂದಿನ ಕೋರ್ಸ್ ಮತ್ತು ರಿಯಲ್ ಅನಾಲಿಸಿಸ್ ತೆಗೆದುಕೊಂಡೆ, ಎರಡರಲ್ಲೂ ಎ ಬಂದಿದೆ.” ಕಾರಣ ಒಂದು ವಾಕ್ಯ, ಆಮೇಲೆ ಏನು ಮಾಡಿದಿರಿ ಅಂತ ಒಂದು ವಾಕ್ಯ. ಕ್ಷಮೆ ಕೇಳುವುದು ಬೇಡ, ಅಧ್ಯಾಪಕರನ್ನು ದೂರುವುದು ಬೇಡ. ವಿಶೇಷ ಕಾರಣ ಏನೂ ಇರಲಿಲ್ಲ, ಆಗ ಸರಿಯಾಗಿ ಓದಲಿಲ್ಲ ಅಷ್ಟೇ ಅಂದರೆ ಕಾರಣ ಹುಟ್ಟಿಸಲು ಹೋಗಬೇಡಿ. ಆಮೇಲಿನ ಗ್ರೇಡ್‌ಗಳ ಕಡೆ ಬೊಟ್ಟು ಮಾಡಿ ತೋರಿಸಿ, ಸಾಕು.

ಶಿಫಾರಸು ಪತ್ರ ಯಾರಿಂದ ತೆಗೆದುಕೊಳ್ಳಬೇಕು?

ಗ್ರೇಡ್ ಕಡಿಮೆ ಇರುವವರ ಅರ್ಜಿಯನ್ನು ಎತ್ತಿ ಹಿಡಿಯುವ ಶಕ್ತಿ ಬೇರೆ ಯಾವುದಕ್ಕಿಂತಲೂ ಪತ್ರಕ್ಕೆ ಇದೆ. ಸಾಮಾನ್ಯವಾಗಿ ಮೂರು ಪತ್ರ ಕೇಳುತ್ತಾರೆ. ಮೂರೂ ಸಂಶೋಧನೆ ಮಾಡುವ ಪ್ರಾಧ್ಯಾಪಕರಿಂದ ಬಂದರೆ ಒಳ್ಳೆಯದು. ಅದರಲ್ಲೂ ಅರ್ಥಶಾಸ್ತ್ರಜ್ಞರಾದರೆ ಇನ್ನೂ ಒಳ್ಳೆಯದು, ಯಾಕೆಂದರೆ ಅವರು ಹೋಲಿಸಿ ಬರೆಯಬಲ್ಲರು. “ನಾನು ಕಳೆದ ವರ್ಷಗಳಲ್ಲಿ ಇಂತಿಂಥ ಪಿಎಚ್‌ಡಿಗೆ ಕಳಿಸಿದ ವಿದ್ಯಾರ್ಥಿಗಳ ಜೊತೆ ಇವರು ಸಮಕ್ಕೆ ನಿಲ್ಲುತ್ತಾರೆ” ಅನ್ನುವ ಒಂದು ಸಾಲು, “ಬಹಳ ಶ್ರಮಜೀವಿ, ಶಿಸ್ತಿನ ವಿದ್ಯಾರ್ಥಿ” ಅನ್ನುವ ಒಂದು ಪುಟಕ್ಕಿಂತ ದೊಡ್ಡದು.

ಕಂಪನಿಯ ಮೇಲಧಿಕಾರಿ, ದೊಡ್ಡ ಹುದ್ದೆಯಲ್ಲಿರುವ ಪರಿಚಯದವರು, ಇವರ ಪತ್ರಕ್ಕೆ ಇಲ್ಲಿ ಬೆಲೆ ಕಡಿಮೆ. ಹೆಸರು ದೊಡ್ಡದಿದ್ದು ನಿಮ್ಮ ಕೆಲಸ ಗೊತ್ತಿಲ್ಲದವರಿಗಿಂತ, ಹೆಸರು ಚಿಕ್ಕದಾದರೂ ನಿಮ್ಮ ಜೊತೆ ಕೂತು ಕೆಲಸ ಮಾಡಿದವರು ಮೇಲು. ಎರಡೂ ಒಬ್ಬರಲ್ಲೇ ಸಿಕ್ಕರೆ ನಿಮ್ಮ ಅದೃಷ್ಟ.

ಕೇಳುವಾಗ ನೇರವಾಗಿ ಕೇಳಿ: “ಸರ್, ನಾನು ಡಿಸೆಂಬರ್‌ನಲ್ಲಿ ಪಿಎಚ್‌ಡಿಗೆ ಅರ್ಜಿ ಹಾಕುತ್ತಿದ್ದೇನೆ. ನನ್ನ ಪರವಾಗಿ ಬಲವಾದ ಪತ್ರ ಬರೆಯಲು ನಿಮಗೆ ಸಾಧ್ಯವೇ? ಎರಡನೇ ವರ್ಷದ ನನ್ನ ಗ್ರೇಡ್ ಕಡಿಮೆ ಇದೆ. ಆಮೇಲಿನ ಗ್ರೇಡುಗಳನ್ನೂ ನಿಮ್ಮ ಕ್ಲಾಸಿಗೆ ನಾನು ಬರೆದ ಪ್ರಬಂಧವನ್ನೂ ಇದರ ಜೊತೆ ಕಳಿಸಿದ್ದೇನೆ.” ಬಲವಾದ ಅನ್ನುವ ಮಾತು ಬಿಡಬೇಡಿ. ಅವರು ಅನುಮಾನಿಸಿದರೆ ನಮಸ್ಕಾರ ಹೇಳಿ ಬೇರೆಯವರನ್ನು ಕೇಳಿ. ಕೆಟ್ಟ ಸೆಮಿಸ್ಟರಿನ ಹಿಂದಿನ ಕಾರಣ ಅವರಿಗೆ ಗೊತ್ತಿದ್ದರೆ, ಅದನ್ನು ಪತ್ರದಲ್ಲಿ ಒಂದು ಮಾತಾಗಿ ಸೇರಿಸುತ್ತೀರಾ ಅಂತ ಕೇಳಲು ಸಂಕೋಚ ಬೇಡ. ನೀವೇ ಹೇಳುವುದಕ್ಕಿಂತ ಅವರು ಹೇಳಿದರೆ ತೂಕ ಹೆಚ್ಚು.

ಪ್ರಿಡಾಕ್ ಅಂದರೇನು? ನನ್ನಂಥವರಿಗೆ ಸಿಗುತ್ತದಾ?

ಪಿಎಚ್‌ಡಿಗೆ ಮುಂಚೆ ಒಂದೆರಡು ವರ್ಷ ಪ್ರಾಧ್ಯಾಪಕರ ಕೈಕೆಳಗೆ ಪೂರ್ಣಾವಧಿ ಸಂಶೋಧನಾ ಸಹಾಯಕರಾಗಿ ಸಂಬಳಕ್ಕೆ ಕೆಲಸ ಮಾಡುವುದು. ಸ್ಟ್ಯಾನ್‌ಫರ್ಡ್, ಚಿಕಾಗೋ, ಯೇಲ್ ಮುಂತಾದ ಕಡೆ ಇಂಥ ಹುದ್ದೆಗಳಿವೆ. ಅಮೆರಿಕದ ಫೆಡರಲ್ ರಿಸರ್ವ್ ಬ್ಯಾಂಕುಗಳೂ ಸಂಶೋಧನಾ ಸಹಾಯಕರನ್ನು ತೆಗೆದುಕೊಳ್ಳುತ್ತವೆ. ಬಡತನದ ಬಗ್ಗೆ ಸಂಶೋಧನೆ ಮಾಡುವ ಜೆ-ಪಾಲ್, ಐಪಿಎ ಸಂಸ್ಥೆಗಳಲ್ಲಿ ಬೇರೆ ಬೇರೆ ದೇಶಗಳ ಕ್ಷೇತ್ರ ಅಧ್ಯಯನಗಳಿಗೆ ಜನ ಬೇಕಾಗುತ್ತಾರೆ. ಅಮೆರಿಕದ ಅರ್ಥಶಾಸ್ತ್ರ ಸಂಶೋಧನಾ ಸಂಸ್ಥೆ ಎನ್‌ಬಿಇಆರ್ ತನ್ನ ಜಾಲತಾಣದಲ್ಲಿ ಇಂಥ ಹುದ್ದೆಗಳ ಪಟ್ಟಿ ಹಾಕುತ್ತದೆ.

ಗ್ರೇಡ್ ಕಡಿಮೆ ಇರುವವರಿಗೆ ಇದು ಒಳ್ಳೆಯ ದಾರಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಇಲ್ಲಿ ಆಯ್ಕೆಯಲ್ಲಿ ಡೇಟಾ ಟಾಸ್ಕ್ ಅನ್ನುವುದೊಂದು ಇರುತ್ತದೆ. ಒಂದು ಅಸ್ತವ್ಯಸ್ತ ಡೇಟಾ ಫೈಲ್ ಕಳಿಸಿ, ಇಷ್ಟು ಗಂಟೆಯೊಳಗೆ ಸರಿಮಾಡಿ ಉತ್ತರ ಕೊಡಿ ಅನ್ನುತ್ತಾರೆ. ಒಂದೇ ಮನೆ ಎರಡು ಸಲ ದಾಖಲಾಗಿರುತ್ತದೆ. ಆದಾಯದ ಕಾಲಂನಲ್ಲಿ ಮಾಹಿತಿ ಇಲ್ಲ ಅನ್ನಲು ಮೈನಸ್ 99 ಅಂತ ಬರೆದಿರುತ್ತಾರೆ. ಜಿಲ್ಲೆಯ ಹೆಸರು ಒಂದು ಫೈಲಿನಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ. ಮೈನಸ್ 99 ಗಮನಿಸದೆ ಸರಾಸರಿ ತೆಗೆದವರು ಅಲ್ಲೇ ಸಿಕ್ಕಿಬೀಳುತ್ತಾರೆ. ಏನು ಬದಲಿಸಿದೆ, ಯಾಕೆ ಬದಲಿಸಿದೆ ಅಂತ ಕೋಡಿನಲ್ಲೇ ಟಿಪ್ಪಣಿ ಬರೆದವರು ಮುಂದಿನ ಸುತ್ತಿಗೆ ಹೋಗುತ್ತಾರೆ. ಹಳೆಯ ಗ್ರೇಡ್ ಇಲ್ಲಿ ಅಷ್ಟಾಗಿ ಅಡ್ಡ ಬರುವುದಿಲ್ಲ. ಡೇಟಾ ವಿಶ್ಲೇಷಣೆಗೆ ಬಳಸುವ ಸ್ಟೇಟಾ ಅಥವಾ ಆರ್ ಸಾಫ್ಟ್‌ವೇರ್ ಚೆನ್ನಾಗಿ ಬರಬೇಕು, ಪೈಥಾನ್ ಬಂದರೆ ಅನುಕೂಲ.

ಜೊತೆಗೆ, ಎರಡು ವರ್ಷದ ಕೆಲಸ ನೋಡಿದವರೇ ಪತ್ರ ಬರೆಯುತ್ತಾರೆ. ಕೆಲವು ಕಡೆ ಕೆಲಸದ ಜೊತೆಯಲ್ಲೇ ಒಂದು ಗಣಿತದ ಕೋರ್ಸ್ ತೆಗೆದುಕೊಳ್ಳಲೂ ಬಿಡುತ್ತಾರೆ. ಸೇರುವ ಮೊದಲೇ ಇದನ್ನು ವಿಚಾರಿಸಿ.

ಇಲ್ಲದಿದ್ದರೆ ಮಾಸ್ಟರ್ಸ್ ಮಾಡಬಹುದಾ?

ಮಾಡಬಹುದು. ಯುರೋಪ್ ಮತ್ತು ಕೆನಡಾದಲ್ಲಿ ಮಾಸ್ಟರ್ಸ್ ಮುಗಿಸಿ ಪಿಎಚ್‌ಡಿಗೆ ಹೋಗುವುದು ವಾಡಿಕೆಯ ದಾರಿ. ಬಾರ್ಸಿಲೋನಾ ಸ್ಕೂಲ್ ಆಫ್ ಇಕನಾಮಿಕ್ಸ್, ಮ್ಯಾಡ್ರಿಡ್‌ನ ಸೆಮ್ಫಿ, ಪ್ಯಾರಿಸ್ ಮತ್ತು ಟುಲೂಸ್‌ನ ಅರ್ಥಶಾಸ್ತ್ರ ಶಾಲೆಗಳು, ನೆದರ್ಲೆಂಡ್ಸಿನ ಟಿನ್‌ಬರ್ಗನ್ ಇನ್‌ಸ್ಟಿಟ್ಯೂಟ್, ಕೆನಡಾದ ಬ್ರಿಟಿಷ್ ಕೊಲಂಬಿಯಾ, ಟೊರಾಂಟೊ, ಕ್ವೀನ್ಸ್ ವಿಶ್ವವಿದ್ಯಾಲಯಗಳು, ಇವೆಲ್ಲ ಪಿಎಚ್‌ಡಿಗೆ ಜನರನ್ನು ತಯಾರು ಮಾಡುವ ಜಾಗಗಳು.

ಆರಿಸುವಾಗ ಜಾಗ್ರತೆ. ಹೆಸರಿನಲ್ಲಿ ಅರ್ಥಶಾಸ್ತ್ರ ಇದ್ದರೂ ಉದ್ಯೋಗಕ್ಕೆಂದೇ ರೂಪಿಸಿದ ಮಾಸ್ಟರ್ಸ್‌ಗಳು ಬಹಳ ಇವೆ. ಅಲ್ಲಿ ಗಣಿತ ತೆಳುವಾಗಿರುತ್ತದೆ, ಫೀಸ್ ಮಾತ್ರ ಜೋರು. ಹೋದ ವರ್ಷಗಳಲ್ಲಿ ಅಲ್ಲಿಂದ ಯಾರು ಯಾವ ಪಿಎಚ್‌ಡಿಗೆ ಹೋದರು ಅಂತ ಬರೆದು ಕೇಳಿ. ನೇರ ಉತ್ತರ ಬರದಿದ್ದರೆ ಆ ಜಾಗ ಬಿಟ್ಟುಬಿಡಿ. ಇನ್ನೊಂದು ಮಾತು: ಮಾಸ್ಟರ್ಸ್‌ನಲ್ಲೂ ಗ್ರೇಡ್ ಕಡಿಮೆ ಬಂದರೆ ಸ್ಥಿತಿ ಮೊದಲಿಗಿಂತ ಕಷ್ಟ. ತಯಾರಿ ಇಲ್ಲದೆ ಹಾರಬೇಡಿ.

ಎಂಐಟಿಯ ಒಂದು ದಾರಿಯನ್ನು ಇಲ್ಲಿ ಹೇಳಲೇಬೇಕು. ಡೇಟಾ, ಇಕನಾಮಿಕ್ಸ್ ಅಂಡ್ ಡಿಸೈನ್ ಆಫ್ ಪಾಲಿಸಿ ಅನ್ನುವ ಆನ್‌ಲೈನ್ ಮೈಕ್ರೋಮಾಸ್ಟರ್ಸ್, ಅಂದರೆ ಮಾಸ್ಟರ್ಸ್ ಮಟ್ಟದ ಕೆಲವು ಕೋರ್ಸುಗಳ ಗುಂಪು. ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಇದನ್ನು ಶುರು ಮಾಡಿದವರಲ್ಲಿದ್ದಾರೆ. ಕೋರ್ಸುಗಳನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಪರೀಕ್ಷೆಗಳು ಮೇಲ್ವಿಚಾರಣೆಯಲ್ಲಿ ನಡೆಯುತ್ತವೆ. ಮುಗಿಸಿದವರು ಎಂಐಟಿಯಲ್ಲೇ ಮಾಸ್ಟರ್ಸ್ ಮಾಡಲು ಅರ್ಜಿ ಹಾಕಬಹುದು. ಅದಕ್ಕೆ ಹಿಂದಿನ ಪದವಿಯೇ ಕಡ್ಡಾಯವಲ್ಲ. ಮೊದಲ ತಂಡ 2020ರಲ್ಲಿ ಕ್ಯಾಂಪಸ್ಸಿಗೆ ಬಂತು. ಸೀಟು ಕಡಿಮೆ, ಸ್ಪರ್ಧೆ ಜಾಸ್ತಿ. ಆದರೂ ಹಳೆಯ ದಾಖಲೆಯನ್ನು ಇಷ್ಟು ಬದಿಗಿಟ್ಟು ನೋಡುವ ಬಾಗಿಲು ಅಪರೂಪ.

ಹಿಂದೆ ಒಂದು ಕಾಲೇಜು ಬಿಟ್ಟಿದ್ದೆ. ಅದನ್ನು ಹೇಳದೆ ಇರಬಹುದಾ?

ಬೇಡ. ಓದಿದ ಎಲ್ಲ ಕಾಲೇಜುಗಳ ಹೆಸರನ್ನೂ ಅರ್ಜಿಯಲ್ಲಿ ಕೇಳುತ್ತಾರೆ, ಎಲ್ಲ ನಿಜ ಅಂತ ಸಹಿ ಹಾಕಿಸಿಕೊಳ್ಳುತ್ತಾರೆ. ಸೀಟು ಸಿಕ್ಕ ಮೇಲೆ ಅಧಿಕೃತ ದಾಖಲೆ ತರಿಸಿಕೊಳ್ಳುವಾಗ ಸಿಕ್ಕಿಬಿದ್ದರೆ ಪ್ರವೇಶವೇ ರದ್ದಾಗಬಹುದು. ಆ ಕಾಲೇಜಿನ ಗ್ರೇಡ್ ಎಷ್ಟೇ ಕೆಟ್ಟದಿದ್ದರೂ ಅದನ್ನು ಮುಚ್ಚಿಟ್ಟಷ್ಟು ಹಾನಿ ಅದರಿಂದ ಆಗುವುದಿಲ್ಲ.

ನನ್ನ ಪದವಿ ಬೇರೆ ವಿಷಯದಲ್ಲಿ. ತೊಂದರೆಯಾ?

ಗಣಿತ, ಭೌತಶಾಸ್ತ್ರ, ಎಂಜಿನಿಯರಿಂಗ್ ಆಗಿದ್ದರೆ ಗಣಿತದ ಚಿಂತೆ ಕಡಿಮೆ. ಆದರೆ ಅರ್ಥಶಾಸ್ತ್ರವೇ ಯಾಕೆ ಅನ್ನುವುದಕ್ಕೆ ಗಟ್ಟಿ ಉತ್ತರ ಬೇಕು. ಮಧ್ಯಮ ಮಟ್ಟದ ಮೈಕ್ರೋ, ಮ್ಯಾಕ್ರೋ, ಇಕನಾಮೆಟ್ರಿಕ್ಸ್ ಕೋರ್ಸುಗಳನ್ನು ಮಾಡಿರಿ, ಒಬ್ಬ ಅರ್ಥಶಾಸ್ತ್ರಜ್ಞರಿಂದಾದರೂ ಪತ್ರ ತನ್ನಿ.

ಎಷ್ಟು ಕಡೆ ಅರ್ಜಿ ಹಾಕಬೇಕು? ಹೆಸರಿಲ್ಲದ ಕಡೆ ಮಾಡಿದರೆ ಉಪಯೋಗ ಇದೆಯಾ?

ದಾಖಲೆಯಲ್ಲಿ ಕೊರತೆ ಇರುವವರು ಪಟ್ಟಿಯನ್ನು ಅಗಲವಾಗಿ ಇಟ್ಟುಕೊಳ್ಳಬೇಕು. ಹತ್ತರಿಂದ ಹದಿನೈದು ಅಂತ ನಾನು ಹೇಳುತ್ತೇನೆ, ಅದರಲ್ಲಿ ಅತಿ ಮೇಲಿನವು ಮೂರು ನಾಲ್ಕು ಸಾಕು. ಖರ್ಚು ಭಾರವಾದರೆ ಶುಲ್ಕ ವಿನಾಯಿತಿ ಇದೆಯಾ ಅಂತ ಕೇಳಿ, ಕೆಲವು ಕಡೆ ಕೊಡುತ್ತಾರೆ. ವಿಶ್ವವಿದ್ಯಾಲಯದ ಹೆಸರಿಗಿಂತ ನಿಮ್ಮ ವಿಷಯದಲ್ಲಿ ಅಲ್ಲಿ ಎಷ್ಟು ಜನ ಕೆಲಸ ಮಾಡುತ್ತಿದ್ದಾರೆ ಅಂತ ನೋಡಿ. ಒಬ್ಬರೇ ಇದ್ದರೆ ಅಪಾಯ, ಅವರು ಬೇರೆ ಕಡೆ ಹೋಗಬಹುದು. ಅಲ್ಲಿ ಪಿಎಚ್‌ಡಿ ಮುಗಿಸಿದವರು ಎಲ್ಲಿ ಕೆಲಸಕ್ಕೆ ಸೇರಿದರು ಅನ್ನುವ ಪಟ್ಟಿ ವಿಭಾಗದ ಜಾಲತಾಣದಲ್ಲಿ ಸಾಮಾನ್ಯವಾಗಿ ಇರುತ್ತದೆ. ಅದನ್ನು ಪೂರ್ತಿ ಓದಿ.

ಹೆಸರಿಲ್ಲದ ಕಡೆಯಿಂದ ಮೇಲೆ ಬರುವುದು ಕಷ್ಟ, ಅದನ್ನು ಮರೆಮಾಚುವುದಿಲ್ಲ. ಅರ್ಥಶಾಸ್ತ್ರದ ಉದ್ಯೋಗ ಮಾರುಕಟ್ಟೆ ಓದಿದ ಜಾಗಕ್ಕೆ ಜಾಸ್ತಿ ಬೆಲೆ ಕೊಡುತ್ತದೆ. ಆದರೂ ದಾರಿ ಮುಚ್ಚಿಲ್ಲ. ಅರ್ಥಶಾಸ್ತ್ರಜ್ಞ ಜಾನ್ ಲಿಸ್ಟ್ ಪದವಿ ಓದಿದ್ದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸ್ಟೀವನ್ಸ್ ಪಾಯಿಂಟ್ ಶಾಖೆಯಲ್ಲಿ, ಪಿಎಚ್‌ಡಿ ಮಾಡಿದ್ದು ವಯೋಮಿಂಗ್‌ನಲ್ಲಿ, 1996ರಲ್ಲಿ. ಮೊದಲು ಪಾಠ ಮಾಡಿದ್ದು ಸೆಂಟ್ರಲ್ ಫ್ಲೋರಿಡಾದಲ್ಲಿ. ಕ್ರೀಡಾ ಕಾರ್ಡುಗಳ ಮಾರುಕಟ್ಟೆಗೆ ಹೋಗಿ ಅಲ್ಲಿನ ವ್ಯಾಪಾರಿಗಳ ಮೇಲೆ ಪ್ರಯೋಗ ಮಾಡಿದ ಅವರ ಕೆಲಸ ಕ್ಷೇತ್ರ ಪ್ರಯೋಗಗಳಿಗೆ ಹೊಸ ದಿಕ್ಕು ಕೊಟ್ಟಿತು. ಆಮೇಲೆ ಅವರು ಚಿಕಾಗೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಇದು ಎಲ್ಲರಿಗೂ ಆಗುವಂಥದ್ದಲ್ಲ, ಆದರೆ ಆಗಿದೆ.

ಮೊದಲೇ ಪ್ರಾಧ್ಯಾಪಕರಿಗೆ ಮೇಲ್ ಹಾಕಬೇಕಾ?

ಅಮೆರಿಕದಲ್ಲಿ ಅರ್ಥಶಾಸ್ತ್ರಕ್ಕೆ ಇದು ಬೇಕಿಲ್ಲ. ಅಲ್ಲಿ ಆಯ್ಕೆ ಮಾಡುವುದು ಕಮಿಟಿ. ಗೈಡ್ ಸಿಗುವುದು ಒಂದೆರಡು ವರ್ಷದ ನಂತರ. ಯುರೋಪಿನ ಕೆಲವು ಕಡೆ ಪದ್ಧತಿ ಬೇರೆ, ಸೂಚನೆ ಓದಿ.

ಯಾವ ತಿಂಗಳಲ್ಲಿ ಏನು ಮಾಡಬೇಕು?

ಅಮೆರಿಕದ ಬಹಳಷ್ಟು ಕಡೆ ಕೊನೆಯ ದಿನಾಂಕ ಡಿಸೆಂಬರ್ ಮಧ್ಯದಿಂದ ಜನವರಿ ಮೊದಲ ವಾರದೊಳಗೆ ಬರುತ್ತದೆ. ಜಿಆರ್‌ಇ ಆಗಸ್ಟ್‌ಗೆ ಮುಗಿಸಿದರೆ ಮತ್ತೊಮ್ಮೆ ಬರೆಯಲು ಸಮಯ ಸಿಗುತ್ತದೆ. ಪತ್ರ ಬರೆಯುವವರನ್ನು ಸೆಪ್ಟೆಂಬರ್‌ನಲ್ಲೇ ಕೇಳಿ. ಎಂಐಟಿಯಂಥ ಕೆಲವು ವಿಭಾಗಗಳ ಪಿಎಚ್‌ಡಿ ವಿದ್ಯಾರ್ಥಿಗಳು ಸರಿಯಾದ ಮಾರ್ಗದರ್ಶನ ಸಿಗದವರಿಗೆಂದೇ ಉಚಿತ ಸಲಹೆ ಕಾರ್ಯಕ್ರಮ ನಡೆಸುತ್ತಾರೆ. ಅದಕ್ಕೆ ಹೆಸರು ಕೊಡಬೇಕಾದದ್ದು ಅರ್ಜಿಯ ದಿನಾಂಕಕ್ಕಿಂತ ಬಹಳ ಮುಂಚೆ. ಫಲಿತಾಂಶ ಫೆಬ್ರವರಿ, ಮಾರ್ಚ್‌ನಲ್ಲಿ ಬರುತ್ತದೆ. ಸ್ಟೈಪೆಂಡ್ ಸಹಿತ ಸೀಟು ಸಿಕ್ಕರೆ ಏಪ್ರಿಲ್ 15ರವರೆಗೆ ಯೋಚಿಸಲು ಅವಕಾಶ ಇರುತ್ತದೆ. ಬಹಳಷ್ಟು ಅಮೆರಿಕನ್ ವಿಶ್ವವಿದ್ಯಾಲಯಗಳು ಇದನ್ನು ಒಪ್ಪಿಕೊಂಡಿವೆ. ವೇಟಿಂಗ್ ಲಿಸ್ಟ್‌ನಲ್ಲಿ ಇರುವವರಿಗೆ ಆ ದಿನದ ಹಿಂದೆಮುಂದೆ ಕರೆ ಬರುವುದುಂಟು, ಹಾಗಾಗಿ ಆಗ ಮೇಲ್ ನೋಡುತ್ತಿರಿ.

ಎಲ್ಲ ಕಡೆಯಿಂದಲೂ ಇಲ್ಲ ಅಂತ ಬಂತು. ಈಗೇನು?

ಬೇಸರ ಆಗೇ ಆಗುತ್ತದೆ. ಕೆಲವು ದಿನ ಬಿಟ್ಟು, ನಿಮ್ಮ ಪತ್ರ ಬರೆದ ಪ್ರಾಧ್ಯಾಪಕರ ಜೊತೆ ಕೂತು ಅರ್ಜಿಯನ್ನು ಮತ್ತೆ ಓದಿ. ಯಾಕೆ ತೆಗೆದುಕೊಳ್ಳಲಿಲ್ಲ ಅಂತ ವಿಭಾಗಗಳು ಹೆಚ್ಚಾಗಿ ಹೇಳುವುದಿಲ್ಲ, ಆದರೆ ಅನುಭವ ಇರುವ ಪ್ರಾಧ್ಯಾಪಕರಿಗೆ ಊಹೆ ಇರುತ್ತದೆ. ಪಟ್ಟಿಯೇ ಅತಿ ಮೇಲಿನದಾಗಿತ್ತಾ? ಗಣಿತ ಇನ್ನೂ ಸಾಲದಾ? ಮೂರರಲ್ಲಿ ಒಂದು ಪತ್ರ ಸಪ್ಪೆ ಇತ್ತಾ?

ಮುಂದಿನ ವರ್ಷ ಮತ್ತೆ ಹಾಕುವುದರಲ್ಲಿ ಯಾವ ನಾಚಿಕೆಯೂ ಇಲ್ಲ, ಬಹಳ ಜನ ಎರಡನೇ ಸಲಕ್ಕೆ ಸೇರಿದ್ದಾರೆ. ಆದರೆ ಹೊಸದೇನಾದರೂ ಇರಬೇಕು: ಒಂದು ಗಣಿತದ ಗ್ರೇಡ್, ಸಂಶೋಧನೆ ಮಾಡಿದ ಒಂದು ವರ್ಷ, ಇಲ್ಲವೇ ನಿಮ್ಮ ಕೆಲಸ ನೋಡಿದ ಹೊಸ ಪ್ರಾಧ್ಯಾಪಕರ ಪತ್ರ. ಹಳೆಯ ಎಸ್‌ಒಪಿಯನ್ನೇ ವರ್ಷ ಬದಲಿಸಿ ಕಳಿಸಬೇಡಿ, ಹಿಂದಿನ ಸಲ ಓದಿದವರೇ ಈ ಸಲವೂ ಕಮಿಟಿಯಲ್ಲಿ ಇರಬಹುದು.